ನಡುಮನೆಯ ಏಳಡಿ

ಮುಳಬಾಗಿಲಿನ ನೋಂದಣಿ ಕಚೇರಿಯ ಎದುರು ಮೂವತ್ತನಾಲ್ಕು ವರ್ಷ ಜನರ ಕ್ರಯಪತ್ರ, ಭಾಗಪತ್ರ ಬರೆದುಕೊಟ್ಟ ಚನ್ನರಾಯಪ್ಪನವರಿಗೆ, ಕಟ್ಟಡ ಕೆಡವುತ್ತೇವೆ, ಅಂಗಡಿ ಖಾಲಿ ಮಾಡಿ ಎಂದು ಮಾಲೀಕ ಹೇಳಿದ್ದು ಶಿವರಾತ್ರಿಯ ಮಾರನೆಯ ದಿನ. ಇನ್ನೊಬ್ಬರಾಗಿದ್ದರೆ ಎರಡು ದಿನ ಅನ್ನ ನೀರು ಬಿಟ್ಟು ಕೂರುತ್ತಿದ್ದರು. ಇವರು ಮನೆಗೆ ಬಂದು ಕೈಕಾಲು ತೊಳೆದು, ಒಂದೂವರೆ ಮುದ್ದೆ ಉಂಡು, ಮಜ್ಜಿಗೆ ಕುಡಿದು, ಆಮೇಲೆ ಸೊಸೆಯನ್ನು ಕೂಗಿದರು.

“ವಾಣಿ, ಆ ಅಳತೆ ಟೇಪು ತಗೊಂಡ್ ಬಾಮ್ಮ. ಒಂದ್ ತುದಿ ಹಿಡ್ಕೊ.”

“ಏನಕ್ಕೆ ಮಾವ?”

“ಅಂಗಡಿ ಕ್ಯಾಬಿನೆಟ್ಟು ಮನೆಗೆ ತರ್ಬೇಕು. ಎಲ್ಲಿ ಹಿಡೀತದೆ ನೋಡಣ.”

ವಾಣಿಶ್ರೀ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದು ನಿಂತಳು. ಮಾವ ಇನ್ನೊಂದು ತುದಿ ಎಳೆದುಕೊಂಡು ಹೋಗಿ ನಿಂತರು. ಇಡೀ ಮನೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು, ಅವಳು ತನ್ನ ತಾಯಿಯ ಮಂಚಕ್ಕೆಂದು ಮನಸ್ಸಿನಲ್ಲೇ ಎತ್ತಿಟ್ಟುಕೊಂಡಿದ್ದ ಜಾಗವೇ.

ತಾಯಿ ಭಾರತಮ್ಮ ಶ್ರೀನಿವಾಸಪುರದವರು. ಗಂಡ ಇಲ್ಲ, ಗಂಡುಮಕ್ಕಳಿಲ್ಲ, ಇರುವವರು ಇಬ್ಬರು ಹೆಣ್ಣುಮಕ್ಕಳು. ಧನುರ್ಮಾಸದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಈಗ ಮಾಲೂರಿನಲ್ಲಿ ದೊಡ್ಡ ಮಗಳು ರಂಜಿತಳ ಮನೆಯಲ್ಲಿದ್ದರು. ಆ ಮನೆ ಇರುವುದು ಎರಡು ಮಹಡಿ ಮೇಲೆ. ವಾಕರ್ ಹಿಡಿದು ನಡೆಯುವ ಹೆಂಗಸು ಹತ್ತಿದ್ದೇ ಹತ್ತಿದ್ದು, ಆಮೇಲೆ ನೆಲ ಕಂಡಿರಲಿಲ್ಲ. ಮೂರು ತಿಂಗಳು ನಿನ್ನ ಹತ್ತಿರ, ಆಮೇಲೆ ನನ್ನ ಹತ್ತಿರ ಎಂದು ಅಕ್ಕತಂಗಿಯರು ಆಸ್ಪತ್ರೆಯಲ್ಲೇ ಮಾತಾಡಿಕೊಂಡಿದ್ದರು. ವಾಣಿಶ್ರೀಯ ಗಂಡ ಮುರಳಿಮೋಹನ್ ಆಗ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದ. ಯುಗಾದಿ ಕಳೆದ ಮೊದಲ ಭಾನುವಾರಕ್ಕೆ ಅವಳ ಸರದಿ ಬರುತ್ತಿತ್ತು.

ಈ ಮಾತನ್ನು ಅವಳು ಸಂಕ್ರಾಂತಿಯ ದಿನವೇ ಮನೆಯಲ್ಲಿ ಹೇಳಿದ್ದಳು. “ನೋಡಣ ಬಿಡಮ್ಮ” ಅಂದಿದ್ದರು ಮಾವ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಗಂಗರತ್ನಮ್ಮ ತಲೆ ಎತ್ತದೆ ಸುಲಿಯುತ್ತಲೇ ಇದ್ದರು. ಮದುವೆಯಾಗಿ ಎರಡೇ ವರ್ಷವಾಗಿದ್ದರೂ ವಾಣಿಶ್ರೀ ಒಂದು ವಿಷಯ ಕಲಿತಿದ್ದಳು. ಈ ಮನೆಯಲ್ಲಿ ಬೇಡ ಎನ್ನುವುದನ್ನು ಯಾರೂ ಬೇಡ ಎಂದು ಹೇಳುವುದಿಲ್ಲ. ಹೆಣ್ಣು ಕೊಟ್ಟವರು ಮಗಳ ಮನೆಗೆ ಬಂದು ಕೂತರಂತೆ ಎಂದು ಬೀದಿ ಆಡಿಕೊಳ್ಳುತ್ತದೆ ಎಂಬ ಅಂಜಿಕೆ ಮಾವನಿಗೆ ಇದ್ದೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ದೊಡ್ಡಮನುಷ್ಯರ ದೊಡ್ಡತನಕ್ಕೆ ಕುಂದಲ್ಲವೆ? ಈಗ ಅವರ ಕೈಗೆ ಟೇಪು ಸಿಕ್ಕಿತ್ತು.

ಮನೆ ಅಂದರೆ ಎಷ್ಟು ಮನೆ? ಒಂದು ನಡುಮನೆ, ಅದರ ಬಲಕ್ಕೆ ಎರಡು ಕೋಣೆ, ಹಿಂದೆ ಅಡಿಗೆಮನೆ. ನಡುಮನೆ ಏಳಡಿ ಅಗಲ. ಮುಂಬಾಗಿಲ ಒಳಗೆ ಮಾವನ ಮೊಪೆಡ್ ನಿಲ್ಲುತ್ತದೆ, ಹೊರಗೆ ಬಿಟ್ಟರೆ ಪೆಟ್ರೋಲು ಕದಿಯುತ್ತಾರೆ. ಅದನ್ನು ದಾಟಿದರೆ ಎಡಗೋಡೆಯ ಉದ್ದಕ್ಕೆ ಖಾಲಿ ಇರುವುದು ಆರೂವರೆ ಅಡಿ. ಬಲಗಡೆ ಎರಡು ಕೋಣೆಗಳ ಬಾಗಿಲ ನಡುವೆ ಎರಡಡಿ ಗೋಡೆ. ಇಷ್ಟೇ. ಚನ್ನರಾಯಪ್ಪನವರು ಅದನ್ನೇ ಪತ್ರದಲ್ಲಿ ಎಲ್ಲೆಗಳ ಚೆಕ್ಕುಬಂದಿ ಬರೆಸುವ ಧಾಟಿಯಲ್ಲಿ ಹೇಳಿದರು.

“ಪೂರ್ವಕ್ಕೆ ಗಾಡಿ, ಪಶ್ಚಿಮಕ್ಕೆ ಅಡಿಗೆಮನೆ ಬಾಗ್ಲು, ದಕ್ಷಿಣಕ್ಕೆ ಗೋಡೆ. ಈ ಮಧ್ಯೆ ಇರೋದೇ ಜಾಗ. ಕ್ಯಾಬಿನೆಟ್ಟು ಇಲ್ಲಿಟ್ರೆ ಮುಗೀತು.”

“ಅಮ್ಮನ ಮಂಚ ಮಾವ?”

“ಅಳತೆ ಏನ್ ಹೇಳ್ತದೋ ಅದು ಕಣಮ್ಮ. ನಾನು ಹೇಳಿದ್ರೂ ಇಲ್ಲ, ನೀನು ಹೇಳಿದ್ರೂ ಇಲ್ಲ.”

ಅಳತೆಯ ಮೇಲೆ ಬಿಟ್ಟರೆ ಅಳತೆಯಿಂದಲೇ ಗೆಲ್ಲುತ್ತೇನೆ ಎಂದು ಅವಳೂ ಪಟ್ಟು ಹಿಡಿದಳು. ಸೋಮವಾರ ಊಟದ ಡಬ್ಬಿ ಕೊಡುವ ನೆಪದಲ್ಲಿ ಅಂಗಡಿಗೆ ಹೋದಳು. ಟೇಪು ಚೀಲದಲ್ಲಿತ್ತು.

ಕ್ಯಾಬಿನೆಟ್ಟು ಕೆಜಿಎಫ್‌ನಲ್ಲಿ ಯಾವುದೋ ಆಫೀಸು ಮುಚ್ಚಿದಾಗ ಹರಾಜಿನಲ್ಲಿ ಹಿಡಿದದ್ದು. ಬೂದು ಬಣ್ಣದ ಕಬ್ಬಿಣ, ಒಂದರ ಮೇಲೊಂದು ನಾಲ್ಕು ಡ್ರಾಯರು. ಮೇಲಿನದರಲ್ಲಿ ನಡೆಯುತ್ತಿರುವ ಕೆಲಸ, ಎರಡನೆಯದರಲ್ಲಿ ಹಳೆಯ ಕರಡು, ನಕಲು. ಕೆಳಗಿನ ಎರಡರಲ್ಲಿ ಜನ ನಂಬಿ ಬಿಟ್ಟುಹೋದ ಅಸಲು ಪತ್ರಗಳು. ಸೂರು ಸೋರುವವರು, ಅಣ್ಣತಮ್ಮಂದಿರ ಮೇಲೆ ಅನುಮಾನವಿರುವವರು, ಕುಡುಕ ಗಂಡನ ಕೈಗೆ ಸಿಗದಿರಲಿ ಎನ್ನುವವರು ಪತ್ರವನ್ನು ಬರೆದವರ ಹತ್ತಿರವೇ ಇಟ್ಟುಹೋಗುವುದು ಸುತ್ತಲ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ರೂಢಿ. ರಶೀದಿ ಇಲ್ಲ, ಬಾಡಿಗೆ ಇಲ್ಲ. ಚನ್ನರಾಯಪ್ಪನವರಿಗೆ ಅದೇ ಒಂದು ಹೆಮ್ಮೆ.

ಪಕ್ಕದ ಅಂಗಡಿಯ ಕದಿರೇಶ ಬಂದು ಟೇಪು ಹಿಡಿದುಕೊಟ್ಟ. ಅವನೂ ಪತ್ರ ಬರೆಯುವವನೇ, ಕೆಲಸ ಕಲಿತದ್ದು ಇವರ ಕೈಕೆಳಗೆ. ಈಗ ಕಂಪ್ಯೂಟರ್ ಇಟ್ಟುಕೊಂಡಿದ್ದ, ಕಟ್ಟಡ ಕೆಡವುತ್ತಾರೆಂದು ಬಸ್ ನಿಲ್ದಾಣದ ಹತ್ತಿರ ಆಗಲೇ ದೊಡ್ಡ ಅಂಗಡಿ ಹಿಡಿದಿದ್ದ. ಅಗಲ ಹದಿನೆಂಟೂವರೆ ಇಂಚು, ಗೋಡೆಯಿಂದ ಮುಂದಕ್ಕೆ ಇಪ್ಪತ್ತೆಂಟು, ಎತ್ತರ ಐವತ್ತೆರಡು. ವಾಣಿಶ್ರೀ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಮಾವ ಮುದ್ದೆ ಮುರಿಯುತ್ತಾ ನೋಡುತ್ತಿದ್ದರು.

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕುತ್ತಲೇ ಬಂದಳು. ನಡುಮನೆ ಏಳಡಿ, ಅಂದರೆ ಎಂಬತ್ತನಾಲ್ಕು ಇಂಚು. ಎಡಗೋಡೆಗೆ ಮಂಚ, ಮೂವತ್ತು ಇಂಚು ಅಗಲ. ಎದುರಿಗೆ ಎರಡು ಬಾಗಿಲ ನಡುವೆ ಕ್ಯಾಬಿನೆಟ್ಟು, ಇಪ್ಪತ್ತೆಂಟು. ನಡುವೆ ಉಳಿಯುವುದು ಇಪ್ಪತ್ತಾರು. ಮಾಲೂರಿಗೆ ಫೋನ್ ಮಾಡಿ ವಾಕರ್ ಅಳೆಸಿದಳು, ಇಪ್ಪತ್ತೆರಡು. ಹಿಡಿಯಿತು! ಎರಡೂ ಹಿಡಿಯಿತು! ಖುಷಿಗೆ ಅವಳಿಗೆ ಕೈಕಾಲು ನಿಲ್ಲಲಿಲ್ಲ. ಎಲ್ಲರ ಕಣ್ಣಿಗೂ ಕಾಣಲಿ ಎಂದು ರಂಗೋಲಿ ಪುಡಿ ತಂದು, ಮಂಚ ಬರುವಷ್ಟು ಉದ್ದಗಲಕ್ಕೆ ನಡುಮನೆಯ ನೆಲದ ಮೇಲೆ ಬಿಳಿ ಗೆರೆ ಎಳೆದಳು. ಕ್ಯಾಬಿನೆಟ್ಟಿಗೂ ಒಂದು ಚೌಕ ಎಳೆದಳು.

ಗಂಗರತ್ನಮ್ಮ ಹಿತ್ತಲಿಂದ ಬಟ್ಟೆ ಎತ್ತಿಕೊಂಡು ಒಳಗೆ ಬಂದವರು ಅಲ್ಲೇ ನಿಂತುಬಿಟ್ಟರು.

“ಏನೇ ಇದು? ನಡುಮನೇಲಿ ಆಳುದ್ದ ಗೆರೆ ಎಳ್ದಿದ್ದೀಯಲ್ಲ, ಯಾರನ್ನ ಮಲಗಿಸ್ತೀಯ ಇದ್ರಲ್ಲಿ?”

“ಮಂಚದ ಗುರ್ತು ಅತ್ತೆ. ಅಮ್ಮಂದು.”

“ಥೂ, ಬಿಡ್ತು ಅನ್ನು. ಬಿಳಿ ಪುಡೀಲಿ ಮನುಷ್ಯರುದ್ದ ಬರೀತಾರಾ ಯಾರಾದ್ರೂ, ಅದೂ ದೀಪ ಹಚ್ಚೋ ಹೊತ್ತಲ್ಲಿ? ನಿಮ್ಮಮ್ಮ ಚೆನ್ನಾಗಿರ್ಲಿ ಅಂತ ಇದೆಯೋ ಇಲ್ವೋ ನಿಂಗೆ?”

ವಾಣಿಶ್ರೀಗೆ ಆಗ ಹೊಳೆಯಿತು, ನಾಲಿಗೆ ಕಚ್ಚಿಕೊಂಡಳು. ಹೆಣ ಇಡುವ ಜಾಗದ ಹಾಗೆ ಕಾಣುತ್ತದೆ ಎಂದು ಅವಳ ತಲೆಗೇ ಬಂದಿರಲಿಲ್ಲ. ಅತ್ತೆ ಒದ್ದೆಬಟ್ಟೆ ತಂದು ಬಗ್ಗಿ ಉಜ್ಜಿ ಉಜ್ಜಿ ಒರೆಸಿದರು. ಗೆರೆ ಹೋದ ಮೇಲೂ ಒರೆಸುತ್ತಲೇ ಇದ್ದರು, ಸಿಟ್ಟಿಗೆ ಎಂದುಕೊಂಡಳು ಸೊಸೆ.

ಮಾರನೆಯ ದಿನ ಅವಳು ನಾಲ್ಕು ಮೂಲೆ ಮಾತ್ರ ಗುರುತು ಹಾಕಿದಳು, ಅದೂ ಅರಿಶಿನದಲ್ಲಿ. ಹತ್ತು ಗಂಟೆಗೆ ನೆಲ ಒರೆಸುವಾಗ ಅತ್ತೆ ಅದನ್ನೂ ಒರೆಸಿದರು. ಅವಳು ಮತ್ತೆ ಹಾಕಿದಳು. ಬೆಳಿಗ್ಗೆ ಇವಳು ಹಾಕುವುದು, ಹತ್ತಕ್ಕೆ ಅವರು ಒರೆಸುವುದು, ಹನ್ನೊಂದಕ್ಕೆ ಇವಳು ಹಾಕುವುದು. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವವರಿಲ್ಲದೆ ಒಂದು ದಿನ ಇಬ್ಬರೂ ಹಾಕಿ, ಇನ್ನೊಂದು ದಿನ ಇಬ್ಬರೂ ಬಿಟ್ಟು, ಗಂಡಸರು ಎರಡೂ ದಿನ ಸುಮ್ಮನೆ ಉಂಡೆದ್ದರು. ತಮಾಷೆಯೆಂದರೆ, ಇನ್ನೂ ಬಾರದ ಆ ಮಂಚವನ್ನು ಮನೆಯಲ್ಲಿ ಯಾರೂ ತುಳಿಯುತ್ತಿರಲಿಲ್ಲ. ಚನ್ನರಾಯಪ್ಪನವರು ಕೂಡ ಪಂಚೆ ಎತ್ತಿಕೊಂಡು ಸುತ್ತು ಹಾಕಿ ಹೋಗುತ್ತಿದ್ದರು.

ಮುರಳಿಮೋಹನ್ ನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು ಇಳಿಯುವಾಗ ಸಂಜೆ ನಾಲ್ಕು. ಬಂದವನೇ ಊಟ, ಊಟವಾದರೆ ನಿದ್ದೆ. ತಟ್ಟೆಯ ಮುಂದೆ ಕೂತಾಗಲೇ ಅವನನ್ನು ಹಿಡಿಯಬೇಕು.

“ನೀವಾದ್ರೂ ಒಂದ್ ಮಾತು ಮಾವನ ಹತ್ರ ಆಡಿ” ಅಂದಳು.

“ಏನಂತ ಆಡ್ಲಿ? ಹಿಡಿದ್ರೆ ಅಪ್ಪ ಬೇಡ ಅಂತಾರಾ? ಹಿಡೀಬೇಕಲ್ಲ.”

“ಹಿಡೀತದೆ ಅಂತ ಅಳ್ದು ತೋರ್ಸಿದ್ದೀನಿ.”

“ಮತ್ತೆ ಆಯ್ತಲ್ಲ. ಇನ್ನೇನು?”

“ಆಸ್ಪತ್ರೇಲಿ ತಲೆ ಆಡ್ಸಿದ್ರಲ್ಲ, ಇಲ್ಲಿ ಬಾಯಿ ಆಡ್ಸಿ ಅಂತ.”

“ಲೇ, ಊಟ ಮಾಡಕ್ ಬಿಡೇ. ಎಂಟು ಗಂಟೆ ನಿಂತ್ಕೊಂಡು ಬಂದಿದ್ದೀನಿ.”

ಅವನು ಕೆಟ್ಟವನೇನಲ್ಲ. ಅಪ್ಪನ ಎದುರು ನಿಂತರೆ ಮಾತ್ರ ಅವನಿಗೆ ಈಗಲೂ ಹತ್ತನೇ ಕ್ಲಾಸು.

ಕ್ಯಾಬಿನೆಟ್ಟು ಬಂದದ್ದು ಅದಾದ ಎರಡು ವಾರಕ್ಕೆ, ಟೆಂಪೋದಲ್ಲಿ. ನಾಲ್ಕು ಜನ ಹೊತ್ತು ತಂದು ಎರಡು ಬಾಗಿಲ ನಡುವೆ ಇಟ್ಟರು. ಅಳತೆ ಕೊಟ್ಟು ಮಾಡಿಸಿದಂತೆ ಕೂತುಕೊಂಡಿತು. ಎದುರಿಗೆ ಮಂಚದ ಅರಿಶಿನದ ಗುರುತಿಗೂ ಅದಕ್ಕೂ ನಡುವೆ ಸರಿಯಾಗಿ ಇಪ್ಪತ್ತಾರು ಇಂಚು. ವಾಣಿಶ್ರೀ ಹೊತ್ತು ತಂದವರಿಗೆಲ್ಲ ಪಾನಕ ಮಾಡಿಕೊಟ್ಟಳು.

ಅವರು ಹೋದ ಮೇಲೆ ಮಾವ ಕುರ್ಚಿಯಲ್ಲಿ ಕೂತು, “ಆ ಮೂರನೇ ಡ್ರಾಯರ್ ಎಳಿಯಮ್ಮ, ನೋಡಣ” ಅಂದರು.

ಅವಳು ಹಿಡಿ ಹಿಡಿದು ಎಳೆದಳು. ಬಂತು. ಇನ್ನೂ ಬಂತು. ಪತ್ರದ ಕಟ್ಟುಗಳನ್ನು ಹೊಟ್ಟೆ ತುಂಬ ಇಟ್ಟುಕೊಂಡ ಡ್ರಾಯರು ಗಡಗಡ ಸದ್ದು ಮಾಡುತ್ತಾ ಬಂದು ಬಂದು ಮಂಚದ ಗೆರೆಯನ್ನು ಒಂದಿಂಚು ದಾಟಿ ನಿಂತಿತು.

“ನೋಡ್ದಾ?” ಅಂದರು ಮಾವ, ಮೆತ್ತಗೆ. “ಮಲಗಿರೋರ ಪಕ್ಕೆಗೆ ತಿವೀತದೆ. ಇನ್ನ ನಾನು ಎಲ್ಲಿ ನಿಂತ್ಕಂಡು ತೆಗೀಲಿ? ನಿಮ್ಮಮ್ಮನ ಮಂಚದ ಮೇಲಾ?”

ಮುಚ್ಚಿದ ಕ್ಯಾಬಿನೆಟ್ಟು ಅಳೆದಿದ್ದಳು ಅವಳು. ಬಿಚ್ಚಿದರೆ ಎಷ್ಟು ಎಂದು ಅಳೆದಿರಲಿಲ್ಲ. ಅವಳ ಮನೆಯಲ್ಲಿ ಇದ್ದದ್ದೆಲ್ಲ ಟ್ರಂಕು, ಮುಚ್ಚಳ ಮೇಲಕ್ಕೆ ಏಳುವಂಥದ್ದು. ಆದರೆ ಅಂಗೈ ಮೇಲೆ ಬರೆದುಕೊಳ್ಳುವಾಗ ಮುದ್ದೆ ಮುರಿಯುತ್ತಾ ನೋಡುತ್ತಿದ್ದ ಮನುಷ್ಯ ಮೂವತ್ತನಾಲ್ಕು ವರ್ಷದಿಂದ ದಿನಾ ಅದನ್ನು ಎಳೆದು ಮುಚ್ಚಿದವರು.

“ನಿಮಗೆ ಗೊತ್ತಿತ್ತಲ್ವಾ ಮಾವ?”

“ಏನು?”

“ಇದು ಇಷ್ಟು ಮುಂದಕ್ಕೆ ಬರ್ತದೆ ಅಂತ. ನಾನು ಅಳೀವಾಗ ಗೊತ್ತಿತ್ತಲ್ವಾ?”

“ನೀನು ಕೇಳ್ಲಿಲ್ವಲ್ಲಮ್ಮ” ಅಂದರು ಚನ್ನರಾಯಪ್ಪನವರು.

ಗಂಗರತ್ನಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋದರು.

ಆವತ್ತಿನಿಂದ ವಾಣಿಶ್ರೀಗೆ ಮಾವನ ಮೇಲಿದ್ದ ಅಂಜಿಕೆ ಅರ್ಧ ಇಳಿಯಿತು. ಕ್ಯಾಬಿನೆಟ್ಟನ್ನು ನಮ್ಮ ಕೋಣೆಯಲ್ಲಿ ಇಡೋಣ ಅಂದಳು. ಇಟ್ಟರೆ ಬಾಗಿಲು ತೆರೆಯುವುದಿಲ್ಲ, ಅಲ್ಲದೆ ದಿನಾ ಮಗಸೊಸೆ ಮಲಗುವ ಕೋಣೆಗೆ ನಾನು ನುಗ್ಗಲೇ ಅಂದರು ಅವರು. ನಿಮ್ಮ ಕೋಣೆಯಲ್ಲಿ? ಅಲ್ಲಿ ದೇವರ ಗೂಡು, ಬೀರು, ಟ್ರಂಕು. ಹಾಗಾದರೆ ಇಷ್ಟು ದೊಡ್ಡದು ನಿಮಗೆ ಬೇಕೇ ಬೇಕಾ ಎಂದು ಕೇಳಿದಳು.

“ಮೂವತ್ನಾಲ್ಕು ವರ್ಷದ ಕಾಗ್ದ ಕಣಮ್ಮ. ನಾಲ್ಕು ಡ್ರಾಯರೂ ಬೇಕು. ದಿನಾ ಬೇಕು.”

ದಿನಾ ಬೇಕೋ ಇಲ್ಲವೋ ನೋಡೇಬಿಡೋಣ ಎಂದು ಅವಳು ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟಿನ ಪಟ್ಟಿಯೊಂದನ್ನು ಕ್ಯಾಬಿನೆಟ್ಟಿನ ಮೇಲಿಟ್ಟಳು. ಯಾರು ಯಾವ ಡ್ರಾಯರು ಎಳೆದರೂ ಅದರ ಮೇಲೆ ಒಂದು ಕೆಂಪು ಬೊಟ್ಟು ಅಂಟಿಸುವುದು. ಮಾವ ಎಳೆದಾಗೆಲ್ಲ ಅಡಿಗೆಮನೆಯಿಂದ ಬಂದು ಅಂಟಿಸಿ ಹೋಗುತ್ತಿದ್ದಳು.

“ಏನ್ ನನ್ ಮೇಲೆ ಪೊಲೀಸ್ ಇಟ್ಟಿದ್ದೀಯಾ?” ಎಂದು ಅವರು ಗದರಿದರು.

“ಅಳತೆ ಮಾವ” ಅಂದಳು. “ಅಳತೆ ಏನ್ ಹೇಳ್ತದೋ ಅದು.”

ಒಂದು ದಿನ ನಂಗಲಿಯಿಂದ ಬೀಬಿಜಾನ್ ಎಂಬ ಮುದುಕಿ ಹುಡುಕಿಕೊಂಡು ಬಂದರು. ಅಂಗಡಿ ಇಲ್ಲದ್ದು ನೋಡಿ ಗಾಬರಿಯಾಗಿತ್ತಂತೆ. ಅವರ ಮನೆಪತ್ರ ಮೂರನೆಯ ಡ್ರಾಯರಿನಲ್ಲಿತ್ತು. ಇದೆ ಎಂದು ಕಣ್ಣಿಂದ ನೋಡಿದರೆ ಸಾಕಿತ್ತು ಅವರಿಗೆ, ತೆಗೆದುಕೊಂಡು ಹೋಗಲು ಬಂದದ್ದಲ್ಲ. ನೋಡಿ, ಮಡಿಸಿ ವಾಪಸ್ಸು ಕೊಡುವಾಗ ನೆಲದ ಮೇಲಿನ ಹಳದಿ ಗುರುತು ಕಂಡಿತು.

“ಇದೇನ್ ಬೇಟಿ?”

“ನಮ್ಮಮ್ಮನ ಮಂಚದ ಜಾಗ. ಸೊಂಟ ಮುರಿದೈತೆ. ಜಾಗ ಹಿಡೀತಾ ಇಲ್ಲ.”

ಮುದುಕಿ ಡ್ರಾಯರ್ ನೋಡಿದರು, ಗುರುತು ನೋಡಿದರು. “ಹಂಗಾದ್ರೆ ನನ್ದು ಕಾಗ್ದ ನಾನ್ ತಗಂಡು ಹೋಗ್ತೀನಿ ರಾಯಪ್ಪಣ್ಣ. ಒಬ್ಬರಿಗೆ ಮಲಗಕ್ಕೆ ಜಾಗ ಇಲ್ದೇ ನನ್ ಕಾಗ್ದ ಯಾಕೆ ಮಲಗ್ಬೇಕು?”

“ಇರ್ಲಿ ಬೀಬಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದು ಚನ್ನರಾಯಪ್ಪನವರು ಡ್ರಾಯರನ್ನು ದಡಾರೆಂದು ಮುಚ್ಚಿದರು. ಮುದುಕಿ ಹೋದ ಮೇಲೆ ಸೊಸೆಯ ಮೇಲೆ ಹರಿಹಾಯ್ದರು. “ಮನೆ ಮಾತು ಕಂಡೋರ ಮುಂದೆ ಯಾಕೆ ಆಡ್ತೀಯ? ಮಾನ ಹೋಗ್ತದೆ ಅನ್ನೋ ಜ್ಞಾನ ಇಲ್ವಾ?”

“ಕೇಳಿದ್ರು, ಹೇಳ್ದೆ. ಕೇಳಿದ್ರೆ ಹೇಳ್ಬೇಕಲ್ವಾ ಮಾವ?”

ಅವಳ ಬಾಯಿಂದ ಇಂಥ ಮಾತು ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಯುಗಾದಿ ಬಂತು. ಒಬ್ಬಟ್ಟು ಮಾಡಿದರು, ತಿಂದರು, ಯಾರಿಗೂ ರುಚಿ ಹತ್ತಲಿಲ್ಲ. ಹಬ್ಬದ ಮಾರನೆಯ ದಿನ ಮಾಲೂರಿನಿಂದ ರಂಜಿತಳ ಫೋನು.

“ಭಾನುವಾರ ಬೆಳಿಗ್ಗೆ ಕಾರ್ ಹೇಳಿದ್ದೀವಿ ಕಣೇ. ನಿಮ್ ಭಾವ ಎತ್ಕೊಂಡು ಇಳಿಸ್ತಾರಂತೆ. ಎಲ್ಲ ಸರಿ ಇದೆ ತಾನೆ ಅಲ್ಲಿ?”

“ಇದೆ” ಅಂದಳು ವಾಣಿಶ್ರೀ.

“ಧ್ವನಿ ಯಾಕೆ ಹಂಗಿದೆ? ನೋಡು, ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಅಮ್ಮ ಆಗಿಂದ ಬ್ಯಾಗು ತುಂಬ್ಕೊಂಡು ಕೂತವ್ಳೆ. ವಾಪಸ್ ಕರ್ಕೊಂಡ್ ಬಂದು ಮತ್ತೆ ಆ ಮೆಟ್ಲು ಹತ್ತಿಸಕ್ಕೆ ಆಗಲ್ಲ.”

“ಇದೆ ಅಂದ್ನಲ್ಲಕ್ಕಾ, ಕರ್ಕೊಂಡ್ ಬಾ” ಎಂದು ಫೋನ್ ಇಟ್ಟು, ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಉಳಿದಿದ್ದದ್ದು ನಾಲ್ಕು ದಿನ.

ಒಳಗೇ ಉಳಿದಿದ್ದ ಮಾತು ಕಟ್ಟೆಯೊಡೆದು ಹೊರಗೆ ಬಂದದ್ದು ಗುರುವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಮುರಳಿಗೆ ಅಂದು ವಾರದ ರಜೆ. ಅಪ್ಪಮಗ ಊಟಕ್ಕೆ ಕೂತಿದ್ದಾಗ ಕದಿರೇಶ ಯಾವುದೋ ಪತ್ರಕ್ಕೆ ಸಾಕ್ಷಿ ರುಜು ಬೇಕೆಂದು ಬಂದ. ಮೊಪೆಡ್ ದಾಟಿ ಒಳಗೆ ಬಂದವನು ಕ್ಯಾಬಿನೆಟ್ಟಿನ ಮುಂದೆ ನಿಂತು ನಕ್ಕ.

“ಇದೇನಣ್ಣ, ಕೊನೆಗೂ ಇಲ್ಲೇ ತಂದು ತುರುಕಿದ್ರಾ? ನಮ್ಮಂಗಡೀಲಿಡಿ, ಒಂದ್ ಬೀಗದ ಕೈ ನಿಮ್ ಹತ್ರಾನೇ ಇರ್ಲಿ, ಅಲ್ಲೇ ಒಂದ್ ಕುರ್ಚಿನೂ ಹಾಕ್ಕೊಡ್ತೀನಿ ಅಂತ ಶಿವರಾತ್ರೀಲೇ ಬಡ್ಕೊಂಡೆ. ಕೇಳಿದ್ರಾ ನನ್ ಮಾತು?”

ಕದಿರೇಶ ಎಲ್ಲರ ಮುಖ ನೋಡಿದ, ತಾನು ಏನು ಆಡಬಾರದ್ದು ಆಡಿದೆ ಎಂದು ತಿಳಿಯದೆ ರುಜು ಹಾಕಿಸಿಕೊಂಡು ಹೊರಟುಹೋದ.

ವಾಣಿಶ್ರೀ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು.

“ಹದಿನೈದು ದಿನದಲ್ಲಿ ಮೇಲಿನ ಡ್ರಾಯರು ಮೂವತ್ತೊಂದು ಸಲ ತೆಗೆದಿದ್ದೀರ ಮಾವ. ಎರಡನೇದು ಎರಡು ಸಲ. ಮೂರನೇದು ಬೀಬಿಜಾನ್ ಬಂದಾಗ ಒಂದು ಸಲ. ನಾಲ್ಕನೇದಕ್ಕೆ ಬೊಟ್ಟೇ ಇಲ್ಲ. ನಿಮಗೆ ಬೇಕಾಗಿರೋದು ಒಂದು ಡ್ರಾಯರು, ಅದು ನಿಮ್ಮ ಟ್ರಂಕಲ್ಲಿ ಹಿಡೀತದೆ. ಮಿಕ್ಕಿದ್ದನ್ನ ಇಟ್ಕೊಳಕ್ಕೆ ಅಂಗಡಿ ಕೊಡ್ತೀನಿ ಅಂದೋರೂ ಇದ್ರು. ಎಲ್ಲಾ ಇಟ್ಕೊಂಡು ನನ್ನ ಕೈಲಿ ಒಂದ್ ತಿಂಗಳು ಟೇಪು ಹಿಡ್ಸಿದ್ರಲ್ಲ. ಜಾಗ ಇಲ್ಲ ಅನ್ನೋದಲ್ಲ ಇದು. ನಮ್ಮಮ್ಮ ಬೇಡ. ಹಂಗಂತ ಹೇಳ್ಬಿಡಿ, ನಾನು ಅವಳಿಗೆ ಬರ್ಬೇಡ ಅಂತ ಹೇಳ್ತೀನಿ.”

“ಮುರಳಿ, ನಿನ್ನ ಹೆಂಡ್ತಿಗೆ ಬುದ್ಧಿ ಹೇಳೋ. ಬಾಯಿ ಜಾಸ್ತಿ ಆಯ್ತು.”

ಮುರಳಿ ತಟ್ಟೆ ನೋಡುತ್ತಾ ಕೂತಿದ್ದ. “ಅವಳು ಕೇಳ್ತಿರೋದು ಸರಿ ಇದೆ ಅಪ್ಪ” ಅಂದ. ಅಂದ ಮೇಲೆ ತನಗೇ ಆಶ್ಚರ್ಯವಾದವನಂತೆ ಮತ್ತೆ ತಟ್ಟೆ ನೋಡಿದ.

“ಓಹೋ. ಎಲ್ಲಾ ಒಂದಾದ್ರಾ? ಊರಲ್ಲಿ ಯಾರ್ ಮನೇಲಾದ್ರೂ ಉಂಟೇನೋ, ಸೊಸೆ ತಾಯಿ ಬಂದು ಮಂಚ ಹಾಕ್ಕೊಂಡು ಕೂರೋದು? ನಾನ್ ಬದುಕಿರೋ ಮನೇಲಿ ಒಂದು ಮರ್ಯಾದೆ ಇತ್ತು, ಒಂದು ಪದ್ಧತಿ ಇತ್ತು. ರತ್ನಾ, ನೀನಾದ್ರೂ ಹೇಳೇ ಇವರಿಗೆ. ನಿಂಗೂ ಬೇಡ ತಾನೆ?”

ಗಂಗರತ್ನಮ್ಮ ಒಲೆಯ ಮುಂದಿನಿಂದ ಎದ್ದು ಬಂದರು. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೇ ಇತ್ತು.

“ಬೇಡ” ಅಂದರು. “ನಂಗೆ ಬೇಡ. ಅವರು ಇಲ್ಲಿ ಮಲಗೋದು ನೋಡಕ್ಕೆ ನಂಗೆ ಆಗಲ್ಲ.”

ವಾಣಿಶ್ರೀ ಅತ್ತೆಯ ಕಡೆ ತಿರುಗಿದಳು.

“ಕೇಳ್ದೇನಮ್ಮ?” ಅಂದರು ಮಾವ.

“ನೀವು ಸುಮ್ನಿರಿ. ನಾನ್ ಮುಗಿಸಿಲ್ಲ.” ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಹೆಂಗಸು ಗಂಡನಿಗೆ ಸುಮ್ಮನಿರಿ ಎಂದದ್ದನ್ನು ಮಗ ಕೇಳಿರಲಿಲ್ಲ. “ಯಾಕ್ ಆಗಲ್ಲ ಕೇಳಿ. ನಮ್ಮಮ್ಮ ನಂಗಲಿಯಿಂದ ಲಾರಿ ಹತ್ಕೊಂಡು ಬಂದಿದ್ಳು. ಮುರಳಿಗೆ ಆಗ ಮೂರು ವರ್ಷ. ನಮ್ಮಣ್ಣ ಅವಳನ್ನ ಕೊಟ್ಟಿಗೇಲಿ ಹಾಕಿದ್ದ, ಒಂದ್ ನಾಲ್ಕ್ ದಿನ ಇಟ್ಕೊಳ್ರಪ್ಪ ಅಂತ ಬಂದಿದ್ಳು. ನೀವು ಬಾಗ್ಲಲ್ಲೇ ಕೂರ್ಸಿ ಕಾಫಿ ಕೊಡ್ಸಿ, ಜಾಗ ಎಲ್ಲೈತೆ ಅತ್ತೆ, ನೀವೇ ನೋಡಿ ಅಂತ ಹೇಳಿ ಬಸ್ ಹತ್ತಿಸಿದ್ರಿ. ಹನ್ನೊಂದ್ ದಿನಕ್ಕೆ ಕೊಟ್ಟಿಗೇಲಿ ಹೋದ್ಳು. ದನಗಳ ಮಧ್ಯೆ.”

“ಆಗ ಜಾಗ ಇರ್ಲಿಲ್ಲ ಕಣೇ. ಒಂದೇ ಕೋಣೆ ಇದ್ದಿದ್ದು, ನಿಂಗೇ ಗೊತ್ತು.”

“ಇತ್ತು.”

“ಎಲ್ಲಿತ್ತು?”

“ಇತ್ತು. ನಾನ್ ಅಳ್ದಿದ್ದೆ.” ಗಂಗರತ್ನಮ್ಮ ಕೋಲನ್ನು ಕೆಳಗಿಟ್ಟರು. “ನೀವು ಅಂಗಡಿಗೆ ಹೋದ್ಮೇಲೆ ಬಾಗ್ಲು ಹಾಕ್ಕೊಂಡು, ಒಲೆ ಪಕ್ಕ ನೆಲದ ಮೇಲೆ ನಾನೇ ಉದ್ದಕ್ಕೆ ಮಲಗಿ ನೋಡ್ದೆ. ನಮ್ಮಮ್ಮ ನನಗಿಂತ ಕುಳ್ಳು. ನಂಗೇ ಒಂದ್ ಗೇಣು ಉಳೀತಿತ್ತು. ನಿಮ್ಗೆ ಹೇಳಕ್ಕೆ ಧೈರ್ಯ ಆಗ್ಲಿಲ್ಲ. ಇವಳಿಗೆ ಆಯ್ತು. ಇವಳು ಆ ಗೆರೆ ಎಳ್ದಾಗಿಂದ ನಂಗೆ ಈ ನೆಲ ನೋಡಕ್ಕಾಗ್ತಿಲ್ಲ. ದಿನಾ ಒರೆಸ್ತೀನಿ, ದಿನಾ ಕಾಣ್ತದೆ.”

ಊರಿಗೆಲ್ಲ ಭಾಗಪತ್ರ ಬರೆದುಕೊಟ್ಟ ಚನ್ನರಾಯಪ್ಪನವರು ಎಂಜಲು ಕೈ ಒಣಗುವವರೆಗೂ ಕೂತಿದ್ದರು.

ಗಂಗರತ್ನಮ್ಮ ಸೊಸೆಯ ಕಡೆ ತಿರುಗಿದರು. “ಬರ್ಲಿ ನಿಮ್ಮಮ್ಮ. ಬರ್ಬೇಡ ಅಂತ ಹೇಳೋ ಪಾಪ ಈ ಮನೇಗೆ ಒಂದ್ ಸಲ ಸಾಕು. ಆದ್ರೆ ನಗ್ನಗ್ತಾ ಮಾತಾಡ್ಸು ಅಂದ್ರೆ ನನ್ ಕೈಲಾಗಲ್ಲ, ಮೊದ್ಲೇ ಹೇಳಿದ್ದೀನಿ.”

ಶುಕ್ರವಾರ ಟೆಂಪೋ ಬಂತು, ಕರೆಸಿದವರು ಚನ್ನರಾಯಪ್ಪನವರೇ. ಮೇಲಿನ ಡ್ರಾಯರಿನ ಕಟ್ಟುಗಳನ್ನು ಅವರೇ ಟ್ರಂಕಿಗೆ ತುಂಬಿಕೊಂಡರು. ಕ್ಯಾಬಿನೆಟ್ಟು ಕದಿರೇಶನ ಅಂಗಡಿಗೆ ಹೋಯಿತು. ಅದರ ಹಿಂದೆ ಮೊಪೆಡ್‌ನಲ್ಲಿ ಹೋದವರು ಸಂಜೆ ಮನೆಗೆ ಬಂದರು. ಹೆಂಡತಿ ಬಡಿಸಿದರು, ಅವರು ಉಂಡರು. ಶನಿವಾರ ಮುರಳಿ ಮಂಚ ತಂದು ಗುರುತಿನ ಜಾಗದಲ್ಲಿ ಹಾಕಿದ, ಆ ದಿನವೂ ಹಾಗೆಯೇ ಕಳೆಯಿತು.

ಭಾನುವಾರ ಹನ್ನೊಂದಕ್ಕೆ ಕಾರು ಬಂತು. ಮುರಳಿಯೂ ಮಾಲೂರಿನ ಭಾವನೂ ಎರಡು ಕಡೆ ಹಿಡಿದು ಭಾರತಮ್ಮನನ್ನು ಇಳಿಸಿದರು. ಚನ್ನರಾಯಪ್ಪನವರು ಬಾಗಿಲಲ್ಲಿ ನಿಂತು ಕೈಮುಗಿದು “ಬನ್ನಿ” ಅಂದರು, ಅಷ್ಟೇ. ಭಾರತಮ್ಮ ವಾಕರ್ ಊರಿಕೊಂಡು ಏಳೆಂಟು ಹೆಜ್ಜೆಗೆ ಏದುಸಿರು ಬಿಡುತ್ತಾ ಬಂದು ಮಂಚದ ಮೇಲೆ ಕೂತರು. ಇಳಿದುಹೋಗಿದ್ದರು, ಬಳೆ ಮೊಣಕೈವರೆಗೂ ಜಾರುತ್ತಿತ್ತು. ಭಾವ ಕಾಫಿ ಕುಡಿದು ಹೊರಟ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಗಂಗರತ್ನಮ್ಮ ತಟ್ಟೆಗೆ ಬಡಿಸಿ ಸೊಸೆಯ ಕೈಗೆ ಕೊಟ್ಟರು, ತಾವು ಬರಲಿಲ್ಲ. ವಾಣಿಶ್ರೀ ಸ್ಟೂಲಿನ ಮೇಲೆ ತಟ್ಟೆ ಇಟ್ಟಳು. ಭಾರತಮ್ಮ ಕೈ ತೊಳೆದುಕೊಂಡು ಸುಮ್ಮನೆ ಕೂತರು.

“ತಿನ್ನಮ್ಮ.”

“ನಿಮ್ಮತ್ತೆ ಒಂದ್ ಮಾತು ಕರೀಲಿ ಕಣೇ.”

“ಅವರೇ ಬಡ್ಸಿ ಕೊಟ್ಟಿರೋದು.”

“ಗೊತ್ತು. ಅವರ ಮನೆ ಇದು. ಬಂದಾಗಿಂದ ಅವರು ನನ್ನ ಮುಖ ನೋಡಿಲ್ಲ. ಕರೀದೆ ಹೆಂಗ್ ತಿನ್ಲಿ? ಹಸಿವಿಲ್ಲ ಬಿಡು.”

ಮುರಳಿ ಅಡಿಗೆಮನೆ ಕಡೆ ನೋಡಿದ. ಮಾವ ಗೋಡೆ ನೋಡಿದರು. ಮುದ್ದೆಯ ಮೇಲಿನ ತುಪ್ಪ ಹೆಪ್ಪುಗಟ್ಟುತ್ತಾ ಬಂತು. ಈಗ ಇಬ್ಬರಲ್ಲಿ ಯಾರ ಕಾಲು ಹಿಡಿಯಲಿ ಎಂದು ವಾಣಿಶ್ರೀ ನಡುವೆ ನಿಂತಿದ್ದಳು.

ಗಂಗರತ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಮಂಚದ ಎದುರು ನಿಂತರು.

“ನೋಡಿ ಬೀಗ್ರೇ, ನಾನ್ ಸುಳ್ಳು ಹೇಳಲ್ಲ. ನಿಮ್ಮನ್ನ ಇಲ್ಲಿ ನೋಡ್ತಿದ್ರೆ ನಂಗೆ ಹೊಟ್ಟೆ ಉರೀತೈತೆ. ನಿಮ್ ತಪ್ಪೇನಿಲ್ಲ. ನಮ್ಮಮ್ಮನಿಗೆ ಸಿಗ್ಲಿಲ್ಲ, ಅದಕ್ಕೆ. ಎಷ್ಟ್ ದಿನ ಉರೀತದೋ ನಂಗ್ ಗೊತ್ತಿಲ್ಲ. ಊಟ ಮಾಡಿ.”

ಭಾರತಮ್ಮ ಅವರನ್ನು ನೋಡುತ್ತಾ ಇದ್ದರು. ಆಮೇಲೆ ಎರಡೂ ಕೈ ಊರಿ, ನೋವಿಗೆ ಹಲ್ಲು ಕಚ್ಚಿಕೊಂಡು, ಮಂಚದ ಮೇಲೆ ಒಂದಿಷ್ಟು ಗೋಡೆಯ ಕಡೆಗೆ ಸರಿದರು.

“ಏನ್ ಹೆಸ್ರು ನಿಮ್ಮಮ್ಮಂದು?”

ಗಂಗರತ್ನಮ್ಮ ಆ ಮನೆಗೆ ಬಂದು ಮೂವತ್ತಾರು ವರ್ಷವಾಗಿತ್ತು. ಈ ಪ್ರಶ್ನೆಯನ್ನು ಅಲ್ಲಿ ಯಾರೂ ಅವರಿಗೆ ಕೇಳಿರಲಿಲ್ಲ, ವಾಣಿಶ್ರೀಯೂ ಕೇಳಿರಲಿಲ್ಲ. ಭಾರತಮ್ಮ ಬಿಟ್ಟುಕೊಟ್ಟ ಜಾಗದಲ್ಲಿ ಅವರು ಕೂತುಕೊಂಡರು.

“ಮುನಿತಾಯಮ್ಮ” ಅಂದರು.